365 ಮತ ಬಿದ್ದ ಬಿಲ್ ಎಲ್ಲಿ ಹೋಯ್ತು?

"ಹೌಸಿನಲ್ಲಿ ಅಷ್ಟು ಭರ್ಜರಿಯಾಗಿ ಪಾಸಾದ ಗ್ರೀನ್ ಕಾರ್ಡ್ ಬಿಲ್ ಎಲ್ಲಿ ಹೋಯ್ತು? ಮಗಳಿಗೆ 19 ತುಂಬಿತು" ಅಂತ ಕೇಳಿದ್ದೀರಿ ಮೇಡಂ. ಮೊದಲು ಬಿಲ್ ಕಥೆ, ಆಮೇಲೆ ಮಗಳ ವಿಷಯ.

ನೀವು ಹೇಳುತ್ತಿರುವುದು ಎಚ್‌ಆರ್ 1044, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ (ಹೌಸ್) ಒಪ್ಪಿದ ಬಿಲ್. 2019ರ ಜುಲೈ 10ರಂದು 365–65ರಲ್ಲಿ ಪಾಸಾಯಿತು. ಉದ್ಯೋಗದ ಮೇಲೆ ಸಿಗುವ ಗ್ರೀನ್ ಕಾರ್ಡಿಗೆ (ಕಾಯಂ ನೆಲೆಸುವ ಪರವಾನಗಿ) ಒಂದು ದೇಶಕ್ಕೆ ಶೇ. 7 ಅಂತಿರುವ ಮಿತಿ ತೆಗೆಯುವುದು ಅದರ ಸಾರ. ಆದರೆ ವರ್ಷಕ್ಕೆ ಸುಮಾರು 1,40,000 ಅನ್ನುವ ಒಟ್ಟು ಸಂಖ್ಯೆ ಹಾಗೇ ಉಳಿಯಿತು. ಈ ಲೆಕ್ಕದಲ್ಲಿ ಗಂಡ, ಹೆಂಡತಿ, ಮಕ್ಕಳೂ ಸೇರುತ್ತಾರೆ. ಅಂದಮೇಲೆ ಭಾರತದಿಂದ ಬಂದ ನಮ್ಮ ಸಾಲು ಮುಂದೆ ಸರಿದಷ್ಟೂ ಬೇರೆ ದೇಶದವರ ಸಾಲು ಹಿಂದಕ್ಕೆ ಹೋಗುತ್ತದೆ. ರೊಟ್ಟಿ ದೊಡ್ಡದಾಗದೆ ಪಾಲು ಮಾತ್ರ ಬದಲಾದರೆ ವಿರೋಧಿಗಳು ತಾವಾಗಿ ಹುಟ್ಟಿಕೊಳ್ಳುತ್ತಾರೆ.

ಮೇಲ್ಮನೆಯಾದ ಸೆನೆಟ್ ನಡೆಯುವುದೇ ಬೇರೆ ರೀತಿ. ಅಲ್ಲಿ ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಲು 100ರಲ್ಲಿ 60 ಬೇಕು, ಮೇಲಾಗಿ ಸದನದ ಹಲವು ದಿನ ಹೋಗುತ್ತವೆ. ಇಷ್ಟು ಸಣ್ಣ ಬಿಲ್‌ಗೆ ಯಾವ ಬಹುಮತದ ನಾಯಕನೂ ಅಷ್ಟು ದಿನ ಕೊಡುವುದಿಲ್ಲ. ಹಾಗಾಗಿ ಸೆನೆಟರ್ ಮೈಕ್ ಲೀ ಇದೇ ವಿಷಯದ ತಮ್ಮ ಬಿಲ್ ಎಸ್. 386 ಅನ್ನು ಸರ್ವಾನುಮತದ ದಾರಿಯಲ್ಲಿ ತಂದರು. ಆ ದಾರಿಯಲ್ಲಿ ಒಬ್ಬರು "ಆಕ್ಷೇಪ" ಅಂದರೂ ಅವತ್ತಿಗೆ ಮುಗಿಯಿತು. ಸೆನೆಟರ್ ರ್‍ಯಾಂಡ್ ಪಾಲ್ ನರ್ಸ್‌ಗಳ ಕೊರತೆಯ ಪ್ರಶ್ನೆ ಎತ್ತಿದರು, ನರ್ಸ್‌ಗಳಿಗೊಂದು ಪಾಲು ಸೇರಿತು. ಆಮೇಲೆ ಇನ್ನೊಬ್ಬ ಸೆನೆಟರ್ ಡಿಕ್ ಡರ್ಬಿನ್, ಒಟ್ಟು ಸಂಖ್ಯೆ ಏರಿಸದೆ ಇದು ಆಗದು ಅಂತ ತಡೆದರು. 2019ರ ಡಿಸೆಂಬರ್‌ನಲ್ಲಿ ಅವರ ಜತೆ ರಾಜಿಯಾಯಿತು. 2020ರಲ್ಲಿ ಸೆನೆಟರ್ ರಿಕ್ ಸ್ಕಾಟ್ ಅಡ್ಡ ಬಂದರು, ಚೀನಾದ ಸೇನೆ ಮತ್ತು ಕಮ್ಯುನಿಸ್ಟ್ ಪಕ್ಷದ ನಂಟಿದ್ದವರನ್ನು ತಡೆಯುವ ಕಲಮು ಸೇರಿತು. ಕೊನೆಗೆ 2020ರ ಡಿಸೆಂಬರ್ 2ರಂದು ಸೆನೆಟಿನಲ್ಲೂ ಪಾಸು!

ಎಡವಟ್ಟಾಗಿದ್ದು ಇಲ್ಲೇ. ಒಬ್ಬೊಬ್ಬರನ್ನು ಸಮಾಧಾನ ಮಾಡುತ್ತಾ ಹೋದಂತೆ ಬಿಲ್ಲಿನ ಪಠ್ಯ ಹೌಸ್ ಒಪ್ಪಿದ್ದಕ್ಕಿಂತ ದೂರ ಸರಿದಿತ್ತು. ಎರಡೂ ಸದನ ಅಕ್ಷರಶಃ ಒಂದೇ ಪಠ್ಯ ಒಪ್ಪಬೇಕು. 2021ರ ಜನವರಿ 3ಕ್ಕೆ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಬಿಲ್ಲೂ ಸತ್ತಿತು. ಹೊಸ ಕಾಂಗ್ರೆಸ್ ಅಂದರೆ ಹೊಸ ನಂಬರ್, ಮತ್ತೆ ಸಮಿತಿಯಿಂದ ಶುರು. ರಾಜ್ಯಶಾಸ್ತ್ರದವರು "ವೀಟೋ ಪ್ಲೇಯರ್" ಅನ್ನುವುದು ಇಂಥವರನ್ನೇ: ಬಹುಮತ ಎಷ್ಟಿದೆ ಅನ್ನುವುದಕ್ಕಿಂತ ತಡೆಯಬಲ್ಲವರು ಎಷ್ಟು ಜನ ಅನ್ನುವುದೇ ಮುಖ್ಯ.

ದೊಡ್ಡ ಬಿಲ್ಲಿನ ಬೆನ್ನಿಗೆ ಕಟ್ಟುವುದು ಇನ್ನೊಂದು ದಾರಿ. 2022ರ ಜುಲೈನಲ್ಲಿ ಹೌಸಿನ ಸದಸ್ಯೆ ಡೆಬೊರಾ ರಾಸ್ ಅವರ ತಿದ್ದುಪಡಿ, ಅಂದರೆ 21 ದಾಟುವ ನಮ್ಮಂಥವರ ಮಕ್ಕಳಿಗೆ ರಕ್ಷಣೆ, ಸೇನೆಯ ವಾರ್ಷಿಕ ಬಿಲ್ಲಿನ ಜತೆ ಹೌಸಿನಲ್ಲಿ ಸೇರಿತ್ತು. ಅಂತಿಮ ಪಠ್ಯದಲ್ಲಿ ಬಿದ್ದುಹೋಯಿತು. ಬಜೆಟ್ಟಿನ ರಿಕನ್ಸಿಲಿಯೇಶನ್ ಅನ್ನುವ ವಿಶೇಷ ದಾರಿಗೆ ಸೆನೆಟಿನಲ್ಲಿ 51 ಮತ ಸಾಕು, ಆದರೆ 2021ರಲ್ಲಿ ವಲಸೆ ಕಲಮುಗಳನ್ನು ಸೆನೆಟಿನ ಪಾರ್ಲಿಮೆಂಟೇರಿಯನ್ (ಸದನದ ನಿಯಮ ಹೇಳುವ ಅಧಿಕಾರಿ) ಮೂರು ಸಲ ತಿರಸ್ಕರಿಸಿದರು.

ಬಿಲ್‌ಗಾಗಿ ಸಂಸದರ ಕಚೇರಿಗೆ ಫೋನ್ ಮಾಡುವವರು ಮೊದಲು ಬಿಲ್ ಯಾವ ಹಂತದಲ್ಲಿದೆ ಅಂತ ಕಾಂಗ್ರೆಸ್ಸಿನ ಸೈಟಿನಲ್ಲಿ ನೋಡಿ. ಸಮಿತಿಯಲ್ಲಿದ್ದರೆ, ಸಮಿತಿಯ ಸದಸ್ಯರ ಕ್ಷೇತ್ರದಲ್ಲಿರುವ ನಮ್ಮವರ ಕರೆಗೆ ತೂಕ. ಮತದ ಹಕ್ಕಿಲ್ಲದಿದ್ದರೂ ಜಿಪ್ ಕೋಡ್ ಹೇಳಿ ಮಾತಾಡಬಹುದು.

ಇನ್ನು ಮಗಳದ್ದು. 21 ದಾಟಿದ ಮಕ್ಕಳಿಗೆ ಅಪ್ಪ-ಅಮ್ಮನ ಅರ್ಜಿಯಲ್ಲಿ ಗ್ರೀನ್ ಕಾರ್ಡ್ ಸಿಗದು. ಬಿಲ್ ನಂಬಿ ಕೂರಬೇಡಿ, 2002ರ ಸಿಎಸ್‌ಪಿಎ (ಇಂಥ ಮಕ್ಕಳ ವಯಸ್ಸು ಲೆಕ್ಕ ಹಾಕುವ ಕಾನೂನು) ಪ್ರಕಾರ ಲೆಕ್ಕ ಹಾಕಿ. ಸರದಿ ಬಂದು ವೀಸಾ ಸಂಖ್ಯೆ ಸಿಕ್ಕ ದಿನದ ವಯಸ್ಸಿನಿಂದ ಐ-140 (ಕಂಪನಿ ಹಾಕುವ ಅರ್ಜಿ) ಬಾಕಿ ಇದ್ದಷ್ಟು ದಿನ ಕಳೆಯಬೇಕು. 21 ವರ್ಷ 5 ತಿಂಗಳಲ್ಲಿ 8 ತಿಂಗಳು ಕಳೆದರೆ 20 ವರ್ಷ 9 ತಿಂಗಳು, ಪಾರು. ಮದುವೆ ಆಗಿರಬಾರದು, ಒಂದು ವರ್ಷದೊಳಗೆ ಐ-485 (ಗ್ರೀನ್ ಕಾರ್ಡಿನ ಕೊನೆಯ ಅರ್ಜಿ) ಹಾಕಬೇಕು. ಅದಕ್ಕೂ ಮೊದಲು ಪರ್ಮ್‌ಗೆ (ಕಾರ್ಮಿಕ ಇಲಾಖೆಯ ಒಪ್ಪಿಗೆ) ಕಾದ ಕಾಲ ಲೆಕ್ಕಕ್ಕಿಲ್ಲ. ದುಡ್ಡು ಕೊಟ್ಟು ಪ್ರೀಮಿಯಂನಲ್ಲಿ ಐ-140 ಬೇಗ ಮಾಡಿಸಿಕೊಂಡವರಿಗೆ ಕಳೆಯಲು ಸಿಗುವುದು ಆ ಕೆಲವೇ ದಿನ (ಕಾನೂನಿನ ತಮಾಷೆ ನೋಡಿ).

ಲೆಕ್ಕ ಹೊಂದದಿದ್ದರೆ 21 ತುಂಬುವ ಮೊದಲೇ ಎಚ್-4ರಿಂದ (ಅವಲಂಬಿತರ ವೀಸಾ) ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾವಣೆಯ ಅರ್ಜಿ ಹಾಕಿ. ಕಾಲೇಜು ಪ್ರವೇಶದ ಪತ್ರವಾದ ಐ-20 ಕೈಗೆ ಬರದೆ ಅರ್ಜಿ ಸಾಗದು, ಆದ್ದರಿಂದ 20 ತುಂಬುವಷ್ಟರಲ್ಲಿ ಆ ಕೆಲಸ ಶುರು ಮಾಡಿ. ಇನ್-ಸ್ಟೇಟ್ ಫೀಸ್ (ಆ ರಾಜ್ಯದ ನಿವಾಸಿಗಳ ಕಡಿಮೆ ಫೀಸ್) ಉಳಿಯುತ್ತದೋ ಇಲ್ಲವೋ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾಲೇಜಿನ ರೆಸಿಡೆನ್ಸಿ ಆಫೀಸಿಗೆ ಬರೆದು, ಉತ್ತರ ಬರಹದಲ್ಲೇ ತಗೊಳ್ಳಿ.