ಪದಚರ್ಚೆ: ಕೀವರ್ಡ್, ಕಾಲ್ ನಂಬರ್ – ಬೋರ್ಡಿಗೆ ಬೇಕು, ನಾಳೆ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ. ಡಿಗ್ರಿ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರಿದ ಮಕ್ಕಳಿಗೆ ಲೈಬ್ರರಿಯಲ್ಲೂ ನೆಟ್‌ನಲ್ಲೂ ಪುಸ್ತಕ, ಲೇಖನ ಹುಡುಕುವುದು ಹೇಗೆ ಅಂತ ತಿಳಿಸುವ ಬೋರ್ಡ್ ಮಾಡಿಸುತ್ತಿದ್ದೇವೆ. ಕಂಪ್ಯೂಟರ್ ಪಕ್ಕದ ಗೋಡೆಗೆ ಹಾಕುವಂಥದ್ದು. ನಾಳೆ ಸಂಜೆ ಪ್ರಿಂಟಿಂಗ್‌ಗೆ ಕೊಡಬೇಕು. ಎರಡು ಪದಗಳ ಹತ್ತಿರ ಕೈಕಟ್ಟಿ ಕೂತಿದ್ದೇನೆ. ಒಂದು ಕೀವರ್ಡ್, ಅಂದರೆ ಹುಡುಕುವಾಗ ಕಂಪ್ಯೂಟರಿನ ಬಾಕ್ಸಿನಲ್ಲಿ ಟೈಪ್ ಮಾಡುವ ಪದ. ಇನ್ನೊಂದು ಕಾಲ್ ನಂಬರ್, ಅದೇ, ಪುಸ್ತಕದ ಬೆನ್ನಿಗೆ ಅಂಟಿಸುತ್ತೇವಲ್ಲ ಅದು. ಅನುವಾದದ ಆ್ಯಪ್ 'ಕರೆ ಸಂಖ್ಯೆ' ಅಂತ ಕೊಟ್ಟಿತು. ಅದನ್ನು ಹಾಕಿದರೆ ಮಕ್ಕಳು ಆ ನಂಬರಿಗೆ ಫೋನ್ ಮಾಡ್ತಾರೆ. ಕೀವರ್ಡ್‌ಗೆ 'ಹುಡುಕುಪದ' ಅಂದುಕೊಂಡಿದ್ದೇನೆ. ನಡೆಯುತ್ತಾ?

ಮರು: ಕೀವರ್ಡ್

ನಡೆಯಲ್ಲ. ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ತಪ್ಪು ಸಮಾಸ. 'ಕೀಲಿಪದ' ಅಂತ ಇರುವಾಗ ಹೊಸದನ್ನು ಹುಟ್ಟಿಸುವುದು ಯಾಕೆ?

ಮರು: ಕೀವರ್ಡ್

ಕೀಲಿಪದ ಮೈಸೂರಿನವರಿಗೆ ಚೆನ್ನಾಗಿ ಕೇಳಿಸಬಹುದು. ನಾನು ಧಾರವಾಡದ ಕಡೆಯವನು. ನೀವು ಬೀಗ ಅನ್ನುವುದಕ್ಕೆ ನಾವು ಕೀಲಿ ಅನ್ನುತ್ತೇವೆ. ಅದನ್ನು ತೆಗೆಯುವುದು ಕೀಲಿಕೈ. ಅಂದರೆ ನಿಮ್ಮ ಕೀಲಿಪದ ನಮ್ಮ ಹುಡುಗರ ಪಾಲಿಗೆ ಬಾಗಿಲು ಹಾಕುವ ಪದ. ಸಂಸ್ಕೃತದ 'ಕೀಲ'ಕ್ಕೆ ಹೋದರೂ ಅಷ್ಟೇ, ಅದು ಗೂಟ, ಬೆಣೆ, ಬಿಗಿ ಮಾಡುವ ವಸ್ತು. ತೆರೆಯುವ ಅರ್ಥ ಅಲ್ಲೂ ಇಲ್ಲ.

ಇನ್ನು ಅರಿಸಮಾಸ. ಹಳೆಯ ವ್ಯಾಕರಣಕಾರ ಕೇಶಿರಾಜನ ಹೆಸರು ಹೇಳಿ ಹೆದರಿಸುವವರು ಮುಂದಿನ ಸಾಲನ್ನೂ ಓದಬೇಕು. ಕಡೆಯುವ, ಹುಡುಕುವ ಥರದ ಪದ ಮೊದಲು ಬರುವ ಗಮಕ ಸಮಾಸಕ್ಕೆ ಆ ದೋಷ ಹತ್ತುವುದಿಲ್ಲ ಅಂತ ಹೈಸ್ಕೂಲಿನ ವ್ಯಾಕರಣದಲ್ಲೇ ಇದೆ. ಕಡೆಯುವ ಕೋಲು ಕಡೆಗೋಲು, ಸುಡುವ ಕಾಡು ಸುಡುಗಾಡು, ಹುಡುಕುವ ಪದ ಹುಡುಕುಪದ. ಮುಗಿಯಿತು.

ಮರು: ಕೀವರ್ಡ್

ಮುಗಿದಿಲ್ಲ. ಕೀಲಿಮಣೆ ಅನ್ನುವಾಗ ನಿಮ್ಮ ಕಡೆಯವರು ಬೀಗದ ಮಣೆ ಅಂದುಕೊಂಡು ಟೈಪ್ ಮಾಡುತ್ತಾರಾ? ಬಳಕೆ ಅಂತ ಒಂದಿದೆ.

ಮರು: ಕೀವರ್ಡ್ (ಕಾಲ್ ನಂಬರ್ ಕೂಡ)

ಸಮಾಸವನ್ನು ಒಂದು ಗಳಿಗೆ ಪಕ್ಕಕ್ಕಿಡಿ ಸ್ವಾಮಿ. ಆ ಬಾಕ್ಸಿನಲ್ಲಿ ಮಕ್ಕಳು ಏನು ಹೊಡೆಯುತ್ತಾರೆ ಅಂತ ಯಾರಾದರೂ ನೋಡಿದ್ದೀರಾ? 'ಕರ್ನಾಟಕದ ಕೆರೆಗಳ ಇತಿಹಾಸವನ್ನು ಕುರಿತು' ಅಂತ ಇಡೀ ಸಾಲು. ಗೂಗಲ್ ಹೇಗೋ ಸುಧಾರಿಸಿಕೊಳ್ಳುತ್ತದೆ. ಲೈಬ್ರರಿ ಕ್ಯಾಟಲಾಗ್ ಸಾಮಾನ್ಯವಾಗಿ ಅಷ್ಟು ಜಾಣ ಅಲ್ಲ, ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತದೆ. ಪುಸ್ತಕದ ಹೆಸರಿನಲ್ಲಿ 'ಕೆರೆ' ಇದ್ದು ಹುಡುಗ 'ಕೆರೆಗಳ' ಅಂತ ಕೊಟ್ಟರೆ ಏನೂ ಬರುವುದಿಲ್ಲ. ಅವನು ಈ ಲೈಬ್ರರಿಯಲ್ಲಿ ಏನೂ ಇಲ್ಲ ಅಂತ ಎದ್ದು ಹೋಗುತ್ತಾನೆ. ಹಾಗಾಗಿ ಕನ್ನಡದಲ್ಲಿ ಕೀವರ್ಡ್ ಅಂದರೆ ವಿಭಕ್ತಿ, ಬಹುವಚನ ಎಲ್ಲ ಕಳಚಿಟ್ಟ ಪದ. ನಮ್ಮ ವ್ಯಾಕರಣದಲ್ಲಿ ಅದಕ್ಕೆ ಹೆಸರೇ ಇದೆ, ನಾಮಪ್ರಕೃತಿ. ಬೋರ್ಡಿಗೆ ಅದು ಭಾರ, ಗೊತ್ತು. 'ಮೂಲಪದ' ಅಂತ ಹಾಕಿ. ಕೆಳಗೆ ಒಂದೇ ಉದಾಹರಣೆ ಕೊಡಿ: 'ಕೆರೆಗಳಲ್ಲಿ' ಬೇಡ, 'ಕೆರೆ' ಸಾಕು. ಅರ್ಥ ಆ ಉದಾಹರಣೆಯಿಂದ ಆಗುತ್ತದೆ, ನಿಮ್ಮ ಪದದಿಂದಲೂ ಅಲ್ಲ ನನ್ನದರಿಂದಲೂ ಅಲ್ಲ.

ನಿಮ್ಮಲ್ಲಿ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಇದ್ದರೆ ನಕ್ಷತ್ರದ ಗುರುತನ್ನೂ ತೋರಿಸಿ. 'ಕೆರೆ*' ಕೊಟ್ಟರೆ ಕೆರೆಯ, ಕೆರೆಗಳು ಎಲ್ಲ ಬರಬೇಕು. ಆದರೆ 'ಕಾಡು' ಥರದ ಪದಕ್ಕೆ ಕೊಂಬು ತೆಗೆದು 'ಕಾಡ*' ಅಂತ ಕೊಡಬೇಕು, ಇಲ್ಲದಿದ್ದರೆ 'ಕಾಡಿನ' ತಪ್ಪಿಹೋಗುತ್ತದೆ. (ಕಣ್ಣಿಗೆ ಹಚ್ಚುವ ಕಾಡಿಗೆಯೂ ಜೊತೆಗೆ ಬರುತ್ತದೆ, ಬರಲಿ.) ಲೇಖಕರ ಹೆಸರನ್ನು ಎರಡು ಥರ ಕೊಟ್ಟು ನೋಡಲು ಹೇಳಿ. ಕುವೆಂಪು ಅಂತ ಸಿಗದಿದ್ದರೆ ಪುಟ್ಟಪ್ಪ ಅಂತ. ಕ್ಯಾಟಲಾಗ್ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಕಾರಂತರ ಹೆಸರು ಎಚ್‌ಗೆ ಮುಗಿಯುತ್ತದೋ ಎಗೆ ಮುಗಿಯುತ್ತದೋ, ಎಂಟ್ರಿ ಮಾಡಿದವರಿಗೇ ಗೊತ್ತು. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟಿನ ಪಿಡಿಎಫ್ ಇದ್ದರೆ ಅದರೊಳಗೆ ಕನ್ನಡ ಟೈಪ್ ಮಾಡಿ ಹುಡುಕಿ ಪ್ರಯೋಜನವಿಲ್ಲ, ಪುಟ ತಿರುವಿಯೇ ನೋಡಬೇಕು.

ಕಾಲ್ ನಂಬರ್: ಹಿಂದೆ ಎಷ್ಟೋ ಲೈಬ್ರರಿಗಳಲ್ಲಿ ಓದುಗರನ್ನು ಪುಸ್ತಕದ ಹತ್ತಿರ ಬಿಡುತ್ತಿರಲಿಲ್ಲ. ಚೀಟಿಯಲ್ಲಿ ನಂಬರ್ ಬರೆದು ಕೊಟ್ಟರೆ ಒಳಗಿನವರು ತಂದು ಕೊಡುತ್ತಿದ್ದರು. 'ಕಾಲ್' ಅಂದರೆ ಆ ತರಿಸಿಕೊಳ್ಳುವುದು. ಈಗ ಮಕ್ಕಳೇ ಹೋಗಿ ತೆಗೆಯುತ್ತಾರೆ. 'ಪುಸ್ತಕ ಸಂಖ್ಯೆ' ಮಾತ್ರ ಬೇಡ, ಆಕ್ಸೆಷನ್ ನಂಬರ್ (ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಕೊಡುವ ಸರಣಿ ಸಂಖ್ಯೆ) ಜೊತೆ ಕಲಸಿಹೋಗುತ್ತದೆ. ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ತಮಿಳು 894.811. ಪುಸ್ತಕಗಳನ್ನು ಆ ನಂಬರಿನ ಕ್ರಮದಲ್ಲೇ ಜೋಡಿಸುತ್ತಾರೆ, ಅಂದರೆ ಅದು ಪುಸ್ತಕ ಕೂತಿರುವ ಜಾಗ. 'ಕಪಾಟಿನ ನಂಬರ್' ಅನ್ನಿ.

ಮರು: ಕಪಾಟು, ನಂಬರ್ ಇತ್ಯಾದಿ

ಲೈಬ್ರರಿ, ಕ್ಯಾಟಲಾಗ್, ನಂಬರ್, ಬೋರ್ಡ್. ಇದು ಕನ್ನಡದ ಚರ್ಚೆಯೋ ಇಂಗ್ಲಿಷಿನದೋ? ಕಪಾಟೂ ಬಂದದ್ದೇ. 'ಹೊತ್ತಗೆಮನೆ' ಅಂತ ಅಚ್ಚಗನ್ನಡದಲ್ಲಿ ಶುರು ಮಾಡಿ, ಉಳಿದದ್ದು ತಾನೇ ಕೂಡಿಬರುತ್ತದೆ.

ಮರು: ಮರು: ಹೊತ್ತಗೆ

ಹೊತ್ತಗೆ 'ಪುಸ್ತಕ'ದ ತದ್ಭವ. ಪೊತ್ತಗೆ ಆಗಿ, ಪಕಾರ ಹಕಾರ ಆಗಿ ಬಂದಿದೆ. ಅಚ್ಚಗನ್ನಡ ಅಂತೆ!

ಕಪಾಟಿನ ವಿಷಯಕ್ಕೆ ಬಂದರೆ, ಸಂಸ್ಕೃತದಲ್ಲಿ ಕಪಾಟ ಅಂದರೆ ಬಾಗಿಲು. ನಮ್ಮಲ್ಲಿ ಬಾಗಿಲಿರುವ ಪೆಟ್ಟಿಗೆ ಆಯಿತು, ಈಗ ಬಾಗಿಲಿಲ್ಲದ ರ್‍ಯಾಕಿಗೂ ಅದೇ ಹೆಸರು. ಅಲಮಾರು ಪೋರ್ಚುಗೀಸರದ್ದು. ಎಲ್ಲವನ್ನೂ ಹೊರಗೆ ಹಾಕಿದರೆ ಪುಸ್ತಕಗಳನ್ನು ನೆಲದ ಮೇಲೆ ಇಡಬೇಕಾಗುತ್ತದೆ.

ಮರು: ಮರು: ಹೊತ್ತಗೆ

ತದ್ಭವ ನಮ್ಮದಾದ ಪದ, ನಮ್ಮ ಬಾಯಿಗೆ ಹೊಂದಿಕೊಂಡದ್ದು. ನಂಬರ್ ಹಾಗಲ್ಲ. ವ್ಯತ್ಯಾಸ ಗೊತ್ತಿಲ್ಲದವರ ಜೊತೆ ವಾದ ಮಾಡಲ್ಲ.

ಮರು: ಕೀವರ್ಡ್

ನಂಬರನ್ನು ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿಯೂ 'ನಂಬ್ರ' ಅನ್ನುತ್ತಾಳೆ. ಬಾಯಿಗೆ ಹೊಂದಿಕೊಳ್ಳುವುದು ಇನ್ನೇನು?

ಮತ್ತೆ, 'ಮೂಲಪದ' ಕೂಡ ನನಗೆ ಒಪ್ಪಿಗೆ ಇಲ್ಲ. ಅದು ಧಾತು ಅನ್ನುವಂತೆ ಕೇಳಿಸುತ್ತದೆ. ಕೀಲಿಪದ.

ಮರು: ಕೀವರ್ಡ್

ಎಲ್ಲರಿಗೂ ಥ್ಯಾಂಕ್ಸ್. ಮೂಲಪದ, ಕಪಾಟಿನ ನಂಬರ್, ಕೆರೆಯ ಉದಾಹರಣೆ, ಮೂರನ್ನೂ ಹಾಕಿ ಕಳಿಸಿಬಿಟ್ಟೆ. 'ಕಾಡ*' ನಮ್ಮ ಕ್ಯಾಟಲಾಗಿನಲ್ಲಿ ಕೊಟ್ಟು ನೋಡಿದೆ, ಸಿಗುತ್ತದೆ. ಕಾಡಿಗೆ ಬರಲಿಲ್ಲ, ಆ ಪುಸ್ತಕ ನಮ್ಮಲ್ಲಿಲ್ಲ.

ಎರಡನೇ ಬೋರ್ಡ್ ಮುಂದಿನ ವಾರ. ಅದರಲ್ಲಿ ಪ್ಲೇಜರಿಸಂ, ಅಂದರೆ ಬೇರೆಯವರ ಬರಹವನ್ನು ತನ್ನದೆಂದು ಹಾಕಿಕೊಳ್ಳುವುದು, ಬರುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮದಲ್ಲಿ ಶೇಕಡ 10ರವರೆಗಿನ ಹೋಲಿಕೆಗೆ ದಂಡ ಇಲ್ಲವಲ್ಲ, ಅದನ್ನು ಕೇಳಿಕೊಂಡು ಮಕ್ಕಳು ಹತ್ತು ಪರ್ಸೆಂಟ್ ಕದಿಯಬಹುದು ಅಂತ ಲೆಕ್ಕ ಹಾಕುತ್ತಿದ್ದಾರೆ. ಹೋಲಿಕೆ ಬೇರೆ, ಕದಿಯುವುದು ಬೇರೆ ಅಂತ ಹೇಳಬೇಕು. 'ಕೃತಿಚೌರ್ಯ' ಅಂದರೆ ಅವರಿಗೆ ಇಡೀ ಪುಸ್ತಕ ಎತ್ತಿಕೊಂಡು ಹೋಗುವುದು ಅನ್ನಿಸುತ್ತಿದೆ. 'ಬರಹಗಳ್ಳತನ' ಹೇಗೆ?

ಮರು: ಬರಹಗಳ್ಳತನ

ಕೃತಿಚೌರ್ಯ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.