ವರ್ಚುವಲ್ ಮಷಿನ್ (ವಿಎಂ) ಒಳಗಿನ ಗಡಿಯಾರ ಐದೂವರೆ ತಾಸು ಹಿಂದೆ, ಯಾರಿಗಾದರೂ ಹೀಗೆ ಆಗಿತ್ತಾ?

ಹುಬ್ಬಳ್ಳಿಯಿಂದ ಪ್ರಶ್ನೆ:
ಅಮರಗೋಳ ಎಪಿಎಂಸಿಯಲ್ಲಿ ನಮ್ಮ ಕಾಕಾನ ತರಕಾರಿ ಅಂಗಡಿ ಇದೆ. ಕಂಪ್ಯೂಟರ್‌ಗೆ ಉಬುಂಟು ಲಿನಕ್ಸ್ ಹಾಕಿದ್ದೇನೆ. ಬಿಲ್ ಮಾಡುವ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಅದಕ್ಕೆ ವರ್ಚುವಲ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ವಿಎಂ, ಅಂದರೆ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ, ಅದರೊಳಗೆ ವಿಂಡೋಸ್ 10. ಹೊರಗಿನ ಟೈಮ್ ಸರಿ, ಒಳಗಿನದು ಐದೂವರೆ ತಾಸು ಹಿಂದೆ. ಬೆಳಿಗ್ಗೆ 5ಕ್ಕೆ ಮಾಲು ಇಳಿಸಿ ಬಿಲ್ ತೆಗೆದರೆ ಹಿಂದಿನ ದಿನದ ರಾತ್ರಿ 11:30 ಅಂತ ಬರುತ್ತದೆ, ತಾರೀಖೇ ತಪ್ಪು! ದಿನಾ ಕೈಯಿಂದ ಸರಿ ಮಾಡುತ್ತೇವೆ, ಬಂದ್ ಮಾಡಿ ಹಚ್ಚಿದರೆ ಮತ್ತೆ ಅದೇ ಹಾಡು. ವೈರಸ್ ಭಯಕ್ಕೆ ವಿಎಂಗೆ ಇಂಟರ್ನೆಟ್ ಕೊಟ್ಟಿಲ್ಲ. ರಿಪೇರಿಯವನು ಬಂದು ಮದರ್‌ಬೋರ್ಡ್ ಸೆಲ್ ಬದಲಿಸಿ ದುಡ್ಡು ತಗೊಂಡು ಹೋದ, ಏನೂ ಆಗಲಿಲ್ಲ.

ಧಾರವಾಡದಿಂದ:
ಸೆಲ್ ದುಡ್ಡು ಸುಮ್ನೆ ಹೋಯಿತು ರೀ. ವಿಎಂ ಒಳಗಿನ ಆರ್‌ಟಿಸಿಗೆ, ಅಂದರೆ ಹಾರ್ಡ್‌ವೇರ್ ಗಡಿಯಾರಕ್ಕೆ, ಸೆಲ್ಲೇ ಇರುವುದಿಲ್ಲ. ಅದು ಸಾಫ್ಟ್‌ವೇರ್ ಮಾಡಿದ ಗಡಿಯಾರ, ಹಚ್ಚಿದಾಗೆಲ್ಲ ಹೊರಗಿನ ಕಂಪ್ಯೂಟರ್‌ನ ಟೈಮ್ ಕೇಳಿಕೊಂಡು ಶುರುವಾಗುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಆರ್‌ಟಿಸಿಯಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಮೂಲ ಟೈಮ್, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ) ಇದೆ ಅಂತ ತಿಳಿದು 5:30 ಕೂಡಿಸಿ ತೋರಿಸುತ್ತದೆ, ವಿಂಡೋಸ್ ಮಾತ್ರ ಅಲ್ಲಿರುವುದೇ ನಮ್ಮೂರ ಟೈಮ್ ಅಂತ ನಂಬುತ್ತದೆ. ಕೊಟ್ಟಿದ್ದು ಯುಟಿಸಿ, ತೋರಿಸಿದ್ದೂ ಯುಟಿಸಿ.

ವಿಎಂ ಪೂರ್ತಿ ಬಂದ್ ಮಾಡಿ. ಸೆಟ್ಟಿಂಗ್ಸ್, ಸಿಸ್ಟಮ್, ಮದರ್‌ಬೋರ್ಡ್ ಅಂತ ಹೋದರೆ ಕೆಳಗೆ ‘ಹಾರ್ಡ್‌ವೇರ್ ಕ್ಲಾಕ್ ಇನ್ ಯುಟಿಸಿ ಟೈಮ್’ ಅಂತ ಇದೆ. ಅದರ ಟಿಕ್ ತೆಗೆಯಿರಿ. ಬಹುಶಃ ವಿಎಂ ಮಾಡುವಾಗ ಟೈಪ್ ಲಿನಕ್ಸ್ ಅಂತ ಆರಿಸಿ ಆಮೇಲೆ ವಿಂಡೋಸ್ ಹಾಕಿದ್ದೀರಿ, ಅಲ್ವಾ? ನಾನೂ ಅದನ್ನೇ ಮಾಡಿಕೊಂಡಿದ್ದೆ.

ಗದಗದಿಂದ:
ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ಇನ್ನೊಂದು ವ್ಯವಸ್ಥೆ) ಬಳಸುವವರಿಗೆ ಒಂದು ಮಾತು. ‘ವಿರ್ಶ್ ಎಡಿಟ್’ ಕಮಾಂಡ್ ಕೊಟ್ಟು, ತೆರೆಯುವ ವಿಎಂ ಸೆಟ್ಟಿಂಗ್‌ನ ಕ್ಲಾಕ್ ಸಾಲಿನಲ್ಲಿ ಆಫ್‌ಸೆಟ್ ‘ಯುಟಿಸಿ’ ಇದ್ದಲ್ಲಿ ‘ಲೋಕಲ್‌ಟೈಮ್’ ಮಾಡಬೇಕು. ನಾನು ಮಾಡಿ, ವಿಂಡೋಸ್ ಒಳಗಿಂದ ರೀಸ್ಟಾರ್ಟ್ ಕೊಟ್ಟು, ಬದಲಾಗಲಿಲ್ಲ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ. ಪೂರ್ತಿ ಬಂದ್ ಮಾಡಿ ಹೊಸದಾಗಿ ಹಚ್ಚಿದರೆ ಮಾತ್ರ ಹತ್ತುತ್ತದೆ. ಆಮೇಲೂ ಐದೂವರೆ ತಾಸು ಹಾಗೇ! ನೋಡಿದರೆ ಅದು ಬಾಡಿಗೆ ಸರ್ವರ್, ಅದರ ಟೈಮ್‌ಝೋನೇ ಯುಟಿಸಿ, ಅದರ ‘ಲೋಕಲ್’ ಅಂದರೂ ಯುಟಿಸಿನೇ. ಕೊನೆಗೆ ಆಫ್‌ಸೆಟ್ ‘ಟೈಮ್‌ಝೋನ್’ ಅಂತ ಕೊಟ್ಟು, ಪಕ್ಕದಲ್ಲಿ ಏಷ್ಯಾ/ಕೋಲ್ಕತಾ ಬರೆದೆ.

ಹೊರಗಿನ ಸೆಟ್ಟಿಂಗ್ ಕೈಯಲ್ಲಿ ಇಲ್ಲದಿದ್ದರೆ ವಿಂಡೋಸ್ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ) ಟೈಮ್‌ಝೋನ್‌ಇನ್ಫರ್ಮೇಷನ್ ಕೀಲಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಅನ್ನುವ ಡಿವರ್ಡ್ (ಸಂಖ್ಯೆ ಇಡುವ ನಮೂದು) ಮಾಡಿ 1 ಹಾಕಬಹುದು. ಆಗ ವಿಂಡೋಸ್ ಕೂಡ ಯುಟಿಸಿ ಅಂತಲೇ ಓದುತ್ತದೆ. ಆದರೆ ಎರಡೂ ಕಡೆ ಬದಲಿಸಿದರೆ ಮತ್ತೆ ಐದೂವರೆ ತಾಸಿನ ಗೋಳು, ಈ ಸಲ ಮುಂದಕ್ಕೆ.

ಹಾವೇರಿಯಿಂದ:
ನಾನು ಕಾಲೇಜ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮ ಕಷ್ಟ ಬೇರೆ. ಹುಡುಗರು ಶನಿವಾರ ವಿಎಂ ಬಂದ್ ಮಾಡದೆ ಸೇವ್ ಮಾಡಿ ಹೋಗುತ್ತಾರೆ, ಸೋಮವಾರ ತೆರೆದರೆ ಒಳಗೆ ಇನ್ನೂ ಶನಿವಾರ. ಇದು ಆರ್‌ಟಿಸಿ ಟಿಕ್‌ನಿಂದ ಸರಿಹೋಗುವುದಿಲ್ಲ, ಯಾಕಂದ್ರೆ ಆರ್‌ಟಿಸಿ ಓದುವುದು ಬೂಟ್ ಆಗುವಾಗ, ಇಲ್ಲಿ ಬೂಟೇ ಆಗಿಲ್ಲ. ಗೆಸ್ಟ್ ಅಡಿಷನ್ಸ್ (ವಿಎಂ ಒಳಗೆ ಹಾಕುವ ವರ್ಚುವಲ್‌ಬಾಕ್ಸ್‌ನದೇ ಸಾಫ್ಟ್‌ವೇರ್) ಹಾಕಿದ ಮೇಲೆ ಸರಿಯಾಯಿತು. ವ್ಯತ್ಯಾಸ 20 ನಿಮಿಷಕ್ಕಿಂತ ಜಾಸ್ತಿ ಇದ್ದರೆ ಒಂದೇ ಸಲಕ್ಕೆ ಹಾರಿಸುತ್ತದೆ, ಕಡಿಮೆ ಇದ್ದರೆ ಮೆಲ್ಲಗೆ ಎಳೆದು ತರುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ, ಹೊರಗಿನ ಕಂಪ್ಯೂಟರ್ ಸರಿ ಇದ್ದರೆ ಸಾಕು, ನಿಮ್ಮ ಅಂಗಡಿಗೂ ಹಾಕಿಬಿಡಿ. ಆದರೆ ಲಿನಕ್ಸ್ ವಿಎಂ ಇರುವವರು ಅದರ ಜತೆ ಕ್ರೋನಿ (ನೆಟ್‌ವರ್ಕ್‌ನಿಂದ ಟೈಮ್ ತಿದ್ದುವ ಸಾಫ್ಟ್‌ವೇರ್) ಹಾಕಬೇಡಿ, ಟೈಮ್ ತಿದ್ದುವ ಕೆಲಸ ಒಬ್ಬರಿಗೇ ಇರಲಿ. ನಮ್ಮಲ್ಲಿ ಒಬ್ಬ ಎರಡನ್ನೂ ಹಾಕಿದ್ದ, ಇಬ್ಬರೂ ಎಳೆದಾಡಿ ಲಾಗ್‌ನಲ್ಲಿ ಟೈಮ್ ಹಿಂದೆ ಮುಂದೆ ಆಗುತ್ತಿತ್ತು.

ಹುಬ್ಬಳ್ಳಿಯಿಂದ ಮತ್ತೆ:
ಟಿಕ್ ಇತ್ತು ರೀ! ಟೈಪೂ ಲಿನಕ್ಸ್ ಅಂತಲೇ ಇತ್ತು, ನಾಚಿಕೆ ಆಯಿತು. ಇವತ್ತಿನ ಮೊದಲ ಬಿಲ್ 5:12, ತಾರೀಖು ಸರಿ. ಹಿಂದಿನ ಬಿಲ್ ಎಲ್ಲ ತಪ್ಪು ತಾರೀಖಿನವು, ಅವನ್ನೂ ತಿದ್ದಲಾ?

ಧಾರವಾಡದಿಂದ:
ಮುಟ್ಟಬೇಡಿ ಮಾರಾಯರೇ. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ತಾಸು ವ್ಯತ್ಯಾಸ ಅಂತ ಒಂದು ಹಾಳೆಯಲ್ಲಿ ಬರೆದು ಲೆಕ್ಕ ನೋಡುವವರಿಗೆ ಕೊಡಿ. ತಿದ್ದುವುದೋ ಬಿಡುವುದೋ ಅವರೇ ಹೇಳಲಿ.