ಕಾರಿನವರು ರಾಜಿಗೆ ಬಂದಿದ್ದಾರೆ, ಸಹಿ ಹಾಕಬಹುದಾ?

ಟೈಲ್ಸ್‌ಮೇಸ್ತ್ರಿ:
ನಾನು ಟೈಲ್ಸ್ ಹಾಕುವವನು, ವಯಸ್ಸು 34. ನಾಲ್ಕು ತಿಂಗಳ ಹಿಂದೆ ಬೈಕಲ್ಲಿ ಹೋಗುವಾಗ ಹಿಂದಿನಿಂದ ಕಾರು ಗುದ್ದಿತು. ಬಲ ಮಂಡಿಗೆ ಪ್ಲೇಟ್ ಹಾಕಿದ್ದಾರೆ. ನಡೆಯುತ್ತೇನೆ, ಆದರೆ ಕುಕ್ಕರಗಾಲಲ್ಲಿ ಕೂರಲು ಆಗಲ್ಲ. ಎಫ್‌ಐಆರ್ ಆಗಿದೆ. ಈಗ ಕಾರಿನವರು ಆಸ್ಪತ್ರೆ ಖರ್ಚು ಕೊಡ್ತೀವಿ, ಮುಂದೆ ಏನೂ ಕೇಳಲ್ಲ ಅಂತ ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡಿ ಅನ್ನುತ್ತಿದ್ದಾರೆ. ಜನ ಒಳ್ಳೆಯವರೇ. ಕೋರ್ಟಿಗೆ ಅಲೆಯೋದು ಯಾಕೆ, ಸಹಿ ಹಾಕು ಅಂತ ಮನೆಯಲ್ಲೂ ಹೇಳ್ತಾರೆ. ಏನು ಮಾಡಲಿ?

ಹಳೇಗುಮಾಸ್ತ:
ಹಾಕಬೇಡಿ. ವಕೀಲರ ಆಫೀಸಲ್ಲಿ ಎಂವಿಸಿ (ವಾಹನ ಅಪಘಾತ ಪರಿಹಾರದ ಕೇಸು) ಫೈಲು ಕಟ್ಟಿಕೊಂಡೇ ತಲೆ ನರೆಸಿಕೊಂಡವನು ನಾನು. ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ ಪರಿಹಾರ ಕಟ್ಟುವುದು ಕಂಪನಿ. ಕಾರಿನವರು ಒಳ್ಳೆಯವರು ಅನ್ನೋ ದಾಕ್ಷಿಣ್ಯ ಯಾಕೆ?

ಆಸ್ಪತ್ರೆ ಬಿಲ್ಲು ಇದರಲ್ಲಿ ಸಣ್ಣ ಬಾಬ್ತು. ದೊಡ್ಡದು ದುಡಿಮೆ ಹೋದದ್ದು. ಡಾಕ್ಟರು ಕಾಲಿಗೆ ಶೇ. 30, ಇಡೀ ದೇಹಕ್ಕೆ ಶೇ. 10 ಅಂಗವೈಕಲ್ಯ ಅಂತ ಬರೆಯಬಹುದು. ಕಂಪನಿಯ ವಕೀಲರು ಆ ಹತ್ತನ್ನೇ ಹಿಡಿದು ಕೂರುತ್ತಾರೆ. ಆದರೆ ನೆಲದ ಮೇಲೆ ಕೂರಲಾಗದ ಟೈಲ್ಸ್ ಮೇಸ್ತ್ರಿಗೆ ಉಳಿಯುವ ಕೆಲಸ ಎಷ್ಟು? ಪೆಟ್ಟಿನ ಪ್ರಮಾಣ ಬೇರೆ, ಗಳಿಕೆಯ ನಷ್ಟ ಬೇರೆ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ವಯಸ್ಸಿಗೆ ಗುಣಕ, ಅಂದರೆ ಒಂದು ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ, 16. ತಿಂಗಳಿಗೆ 20,000 ಆದಾಯ ಅಂತ ಇಟ್ಟುಕೊಳ್ಳಿ. ಶೇ. 10 ನಷ್ಟಕ್ಕೆ 3.84 ಲಕ್ಷ, ಶೇ. 30ಕ್ಕೆ 11.52 ಲಕ್ಷ. ಇಡೀ ಜಗಳ ಇರೋದು ನಷ್ಟ ಶೇಕಡಾ ಎಷ್ಟು ಅನ್ನೋ ಈ ಒಂದು ಸಂಖ್ಯೆಯಲ್ಲಿ. ಚಿಕಿತ್ಸೆ ಕೊಟ್ಟ ಡಾಕ್ಟರು ಸಾಕ್ಷಿ ಹೇಳಿದರೆ ಬಲ ಜಾಸ್ತಿ. ‘ಕುಕ್ಕರಗಾಲಲ್ಲಿ ಕೂರಲಾರರು’ ಅನ್ನೋ ಮಾತು ದಾಖಲೆಯಲ್ಲಿ ಬರಲೇಬೇಕು.

ಇನ್ನೊಂದು ವಿಷಯ, ತಡ ಮಾಡಬೇಡಿ. ಮೋಟಾರು ವಾಹನ ಕಾಯ್ದೆಯ 166ನೇ ಕಲಂಗೆ ಆದ ತಿದ್ದುಪಡಿಯಲ್ಲಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಿ ಅಂತಿದೆ. ನಿಮಗೆ ಉಳಿದಿರೋದು ಎರಡೇ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು.

ಮಂಜುಳಾ_ಕೆ:
ನಮ್ಮ ಯಜಮಾನರ ಕೇಸಲ್ಲಿ ಒಬ್ಬರು ವಕೀಲರು ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂದಿದ್ದರು. ಹಾಗೆ ಕೇಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷೇಧ ಇದೆ. ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳೋರೂ ಇದ್ದಾರೆ, ಹುಷಾರು. ಫೀಸು ಕೊಡೋಕೆ ಕಷ್ಟ ಅಂದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಆದಾಯ ಮಿತಿಯೊಳಗೆ ಇದ್ದರೆ ಉಚಿತವಾಗಿ ವಕೀಲರನ್ನು ಕೊಡ್ತಾರೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಸರಿ.

ಟೈಲ್ಸ್‌ಮೇಸ್ತ್ರಿ:
ಇಬ್ಬರಿಗೂ ಥ್ಯಾಂಕ್ಸ್. ನನಗೆ ಸಂಬಳದ ಚೀಟಿ ಅಂತ ಏನೂ ಇಲ್ವಲ್ಲ, 20,000 ಅಂತ ಹೇಗೆ ತೋರಿಸೋದು? ಲೋಕ್ ಅದಾಲತ್ತಲ್ಲಿ ಬೇಗ ಮುಗಿಯುತ್ತಂತೆ, ಹೌದಾ?

ಹಳೇಗುಮಾಸ್ತ:
ಫೋನ್‌ಪೇಗೆ ಹಣ ಹಾಕಿಸಿಕೊಂಡಿರ್ತೀರಲ್ಲ, ಬ್ಯಾಂಕಿಂದ ಅಪಘಾತಕ್ಕೆ ಮುಂಚಿನ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ಕೆಲಸ ಕೊಟ್ಟ ಕಂಟ್ರಾಕ್ಟರ್ ಬಂದು ಸಾಕ್ಷಿ ಹೇಳಿದರೆ ಇನ್ನೂ ಒಳ್ಳೆಯದು. ಅದಾಲತ್ ಬೇಗ ಮುಗಿಯೋದು ನಿಜ, ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ. ಮೊದಲು ಅರ್ಜಿ ಹಾಕಿ, ಡಾಕ್ಟರ ವರದಿ ಕೈಗೆ ಬರಲಿ. ರಾಜಿ ಮಾತು ಆಮೇಲೆ.